ಹಿರಿಯ ಮಗುವಿನ ಹೊಟ್ಟೆಕಿಚ್ಚು ಪಾಪವೇ?

ಅರಿಷಡ್ವರ್ಗದಲ್ಲಿ ಕೊನೆಯದು ಮತ್ಸರ. ಅದನ್ನು ಗೆಲ್ಲಬೇಕೆಂದು ಶಾಸ್ತ್ರಗಳು ಹೇಳಿದ್ದು ಬುದ್ಧಿ ಬಲಿತವರಿಗೆ. ನಾವು ಆ ಹೊರೆಯನ್ನು ಮೂರು ವರ್ಷದ ಮಗುವಿನ ತಲೆಗೂ ಹೊರಿಸುತ್ತೇವೆ. ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು ಹಿರಿಯ ಮಗು ಹಟ ಹಿಡಿದರೆ, ಕೂಸನ್ನು ಚಿವುಟಿದರೆ, ಬಿಟ್ಟುಹೋಗಿದ್ದ ಎದೆಹಾಲನ್ನು ಮತ್ತೆ ಕೇಳಿದರೆ, ‘ನೀ ದೊಡ್ಡಾಂವ ಅದಿ, ಹೊಟ್ಟೆಕಿಚ್ಚು ಪಡಬಾರದು’ ಎಂಬ ಮಾತು ಸಿದ್ಧವಾಗಿರುತ್ತದೆ. ಮತ್ಸರಿಯಾದವನು ಇನ್ನೊಬ್ಬರ ಏಳಿಗೆಗೆ ಕರುಬುತ್ತಾನೆ. ಈ ಮಗುವಾದರೋ ತನ್ನ ಜಾಗ ಹೋಯಿತೆಂದು ಹೆದರಿದೆ. ಹೆದರಿಕೆಗೆ ಪಾಪದ ಹೆಸರಿಟ್ಟರೆ ಅದು ಹೋಗುವುದಿಲ್ಲ, ಒಳಗೆ ಅಡಗಿ ಕೂರುತ್ತದೆ.

ಜಾಗ ಹೋಯಿತೆಂಬ ಹೆದರಿಕೆ ಏನು ಮಾಡಬಲ್ಲದು ಎಂಬ ಕಥೆ ಕೊಪ್ಪಳ ಜಿಲ್ಲೆಗೆ ಹೊಸದಲ್ಲ. ಇಲ್ಲಿನ ಮಂಗಳೂರು ಗ್ರಾಮ, ಕುಷ್ಟಗಿ, ಯಲಬುರ್ಗಾದ ಜನ ಅಂಜನಾದ್ರಿ ಬೆಟ್ಟಕ್ಕೆ ನಡೆದುಕೊಳ್ಳುತ್ತಾರೆ. ಗಂಗಾವತಿ ಬಳಿ ಆ ಬೆಟ್ಟವಿರುವ ಆನೆಗೊಂದಿ ಸೀಮೆಯೇ ವಾಲಿ ಸುಗ್ರೀವರ ಕಿಷ್ಕಿಂಧೆ ಎಂಬುದು ನಂಬಿಕೆ. ವಾಲ್ಮೀಕಿ ರಾಮಾಯಣದಲ್ಲಿ ಸುಗ್ರೀವ ಹೇಳುವಂತೆ, ರಕ್ಕಸನನ್ನು ಅಟ್ಟಿಕೊಂಡು ಅಣ್ಣ ವಾಲಿ ಗುಹೆ ಹೊಕ್ಕ. ತಮ್ಮ ಒಂದು ವರ್ಷ ಬಾಗಿಲು ಕಾದ. ನೆತ್ತರು ಹರಿದು ಬಂದಾಗ ಅಣ್ಣ ಸತ್ತನೆಂದು ತಿಳಿದು, ಬಂಡೆ ಮುಚ್ಚಿ ಊರಿಗೆ ಬಂದ; ಮಂತ್ರಿಗಳು ಪಟ್ಟ ಕಟ್ಟಿದರು. ತಿರುಗಿ ಬಂದ ವಾಲಿಗೆ ಕಂಡದ್ದು ಒಂದೇ: ತಾನು ಕೂರುತ್ತಿದ್ದ ಕಡೆ ಇನ್ನೊಬ್ಬ. ತಮ್ಮ ಕೈಮುಗಿದು ಹೇಳಿದ ಮಾತು ಕಿವಿಗೆ ಬೀಳಲಿಲ್ಲ. ಅಪ್ಪನ ಮನೆಯಲ್ಲಿ ಅಜ್ಜಿಯ ಬಳಿ ಹದಿನೈದು ದಿನ ಇದ್ದು ತವರಲ್ಲಿರುವ ಅವ್ವನ ಹತ್ತಿರ ಬಂದ ಮಗುವೂ ಕಾಣುವುದು ಇದನ್ನೇ. ಆದರೆ ಬಲಿತ ವಾಲಿಗೆ ವಿವೇಕ ತಪ್ಪಿತು ಎನ್ನಬಹುದು, ಮಗುವಿಗೆ ಹಾಗೆನ್ನಲಾಗದು. ಅದಕ್ಕೆ ಅರ್ಥ ಮಾಡಿಸಬೇಕಾದವರು ನಾವು. ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ 40 ಕುಟುಂಬಗಳನ್ನು ಗಮನಿಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ ಕೊಡುತ್ತದೆ. ‘ಕೂಸಿಗೆ ಹಸಿವಾಗಿದೆಯೇನೋ, ಯಾಕೆ ಅಳುತ್ತಿದೆ, ಏನು ಮಾಡೋಣ’ ಎಂದು ತಾಯಿ ಹಿರಿಯ ಮಗುವಿನೊಡನೆ ಮಾತಾಡಿದ ಮನೆಗಳಲ್ಲಿ ಮುಂದೆ ಮಕ್ಕಳ ನಡುವೆ ಸ್ನೇಹ ಹೆಚ್ಚಿತ್ತು.

ಹೊಟ್ಟೆಕಿಚ್ಚನ್ನು ಹೀಗೆ ಒಪ್ಪಿಕೊಂಡರೆ ಮಗು ಕೂಸಿಗೆ ಹೊಡೆಯುವುದನ್ನೂ ಒಪ್ಪಿದಂತಲ್ಲವೇ ಎಂದು ಕೇಳಬಹುದು. ಅಲ್ಲ. ಎತ್ತಿದ ಕೈಯನ್ನು ಹಿಡಿಯಲೇಬೇಕು. ‘ನಿನಗೆ ಸಿಟ್ಟು ಬಂದೈತಿ, ಗೊತ್ತೈತಿ’ ಎಂದು ಅದೇ ಉಸಿರಿನಲ್ಲಿ ಹೇಳಲೂ ಬೇಕು. ತ್ಯಾಗವನ್ನು ಎಳವೆಯಲ್ಲೇ ಕಲಿಸಬೇಕು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಒಂದು ಕಾಲಕ್ಕೆ ಕೊಪ್ಪಳವೇ ಕೊಪಣವೆಂಬ ದೊಡ್ಡ ಜೈನ ತೀರ್ಥವಾಗಿತ್ತು; ಬಾಹುಬಲಿಯ ತ್ಯಾಗದ ಆದರ್ಶ ಈ ನೆಲಕ್ಕೆ ಹತ್ತಿರದ್ದು. ಆದರೆ 941ರಲ್ಲಿ ಪಂಪ ಬರೆದ ‘ಆದಿಪುರಾಣ’ದಲ್ಲೂ ಬಾಹುಬಲಿ ರಾಜ್ಯ ಬಿಟ್ಟದ್ದು ಅಣ್ಣನನ್ನು ಗೆದ್ದ ಮೇಲೆ. ಅಲ್ಲಿ ಬಿಟ್ಟುಕೊಟ್ಟವನು ತಮ್ಮ, ಪಟ್ಟು ಹಿಡಿದವನು ಅಣ್ಣ ಎಂಬುದನ್ನೂ ‘ದೊಡ್ಡಾಂವ’ ಎನ್ನುವವರು ನೆನೆಯಬೇಕು. ತನ್ನದು ಭದ್ರವಾಗಿದೆ ಎಂದು ತಿಳಿದವನಷ್ಟೇ ಬಿಟ್ಟುಕೊಡಬಲ್ಲ. ಕಸಿದುಕೊಂಡದ್ದನ್ನು ತ್ಯಾಗ ಎನ್ನುವುದು ಧರ್ಮವಲ್ಲ.

ಹೊಲಮನೆಯ ದುಡಿಮೆಯ ನಡುವೆ ಇದಕ್ಕೆಲ್ಲ ಹೊತ್ತೆಲ್ಲಿ ಎನ್ನುವವರ ಕಷ್ಟ ನಿಜ. ಬಾಣಂತಿಯೊಬ್ಬಳ ಮೇಲೆಯೇ ಇದನ್ನೂ ಹೇರಬಾರದು. ಅಪ್ಪ, ಅಜ್ಜಿ, ಅತ್ತೆಯಂದಿರು ಕೂಸನ್ನು ಸ್ವಲ್ಪ ಹೊತ್ತು ಎತ್ತಿಕೊಂಡರೆ ಅವ್ವನ ಮಡಿಲು ದೊಡ್ಡದಕ್ಕೂ ಸಿಗುತ್ತದೆ. ಕುಂಚಿಗೆ ಕುಲಾವಿ ಹಿಡಿದು ಕೂಸು ನೋಡಲು ಹೋಗುವವರು ತೊಟ್ಟಿಲ ಕಡೆ ತಿರುಗುವ ಮೊದಲು ಆ ಹಿರಿಯ ಮಗುವನ್ನು ಹೆಸರು ಹಿಡಿದು ಮಾತಾಡಿಸಿ.