ಕಾಯಕ ಮತ್ತು ಮುಷ್ಕರ: ಒಂದು ನೈತಿಕ ಜಿಜ್ಞಾಸೆ

ದುಡಿಮೆಯನ್ನು ಪೂಜೆಯ ನೆಲೆಗೆ ಏರಿಸಿದ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ‘ಕಾಯಕ’ ಎಂಬ ಮಾತು, ಪಂಚಗಂಗೆ ಹಾಗೂ ಹಿರಣ್ಯಕೇಶಿಯ ದಂಡೆಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತ ಬಾಳುವ ನಮ್ಮಲ್ಲಿ ಇಂದಿಗೂ ಸವೆಯದೆ ಉಳಿದಿದೆ. ಹೀಗಿರುವಾಗ, ದುಡಿಯುವವನು ಬೇಕೆಂದೇ ದುಡಿಮೆಯನ್ನು ನಿಲ್ಲಿಸಿದರೆ ಅದನ್ನು ಏನೆಂದು ಕರೆಯಬೇಕು? ಅದು ಕಾಯಕಕ್ಕೆ ಬಗೆದ ದ್ರೋಹವೆ, ಅಥವಾ ಕಾಯಕದ ಮಾನವನ್ನು ಕಾಯುವ ಇನ್ನೊಂದು ಬಗೆಯೆ? ಇಡೀ ಊರೇ ನೆಚ್ಚಿಕೊಂಡಿರುವ ರೈಲು, ಬಸ್ಸುಗಳ ನೌಕರರು ಕೈಕಟ್ಟಿ ಕುಳಿತಾಗ ಈ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ.

ನಮ್ಮ ಜಿಲ್ಲೆಗೆ ಈ ಪ್ರಶ್ನೆ ದೂರದ್ದಲ್ಲ. ಮಿರಜದಿಂದ ಕೊಲ್ಲಾಪುರಕ್ಕೆ ರೈಲು ಬಂದದ್ದು 1891ರಲ್ಲಿ. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ನಡೆದದ್ದು 1904ರಲ್ಲಿ. ಆದರೆ ಆ ನೇಕಾರ ಪಟ್ಟಣದವರು ರೈಲು ಹಿಡಿಯಬೇಕಾದರೆ ಇಂದಿಗೂ ಹಾತಕಣಂಗಲೆಗೆ ಹೋಗಬೇಕು. ಗಡಹಿಂಗ್ಲಜಕ್ಕಂತೂ ರೈಲೇ ಇಲ್ಲ. ಕಾಲೇಜಿಗೆ ಹೋಗುವ ಹುಡುಗಿಗೂ ದವಾಖಾನೆಗೆ ಹೋಗುವ ಮುದುಕನಿಗೂ ಎಸ್.ಟಿ. ಬಸ್ಸೇ ಗತಿ. ಗಾಲಿ ನಿಂತರೆ ಯಾರ ಬದುಕು ನಿಲ್ಲುತ್ತದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಪ್ರಶ್ನೆಯನ್ನು ದೇಶದ ಮುಂದೆ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಇಟ್ಟದ್ದು 1974ರ ರೈಲ್ವೆ ಮುಷ್ಕರ. ಮೇ 8ರಂದು ಆರಂಭವಾದ ಅದರಲ್ಲಿ ಸುಮಾರು 17 ಲಕ್ಷ ನೌಕರರು ಪಾಲ್ಗೊಂಡರೆಂದು ಇತಿಹಾಸಕಾರರು ಹೇಳುತ್ತಾರೆ. ಮುಂದಾಳು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಡುವೆ ಬೆಳೆದ ಜಾರ್ಜ್ ಫರ್ನಾಂಡಿಸ್. ಎಂಜಿನ್ ನಡೆಸುವವರಿಗೆ ಎಂಟು ಗಂಟೆಯ ದುಡಿಮೆ, ಬೋನಸ್ಸು, ಸರಕಾರಿ ಉದ್ದಿಮೆಗಳ ನೌಕರರಿಗೆ ಸಮನಾದ ಸಂಬಳ, ದಿನಗೂಲಿಯವರಿಗೆ ಕಾಯಂ ನೌಕರಿ, ಅಗ್ಗದ ದರದಲ್ಲಿ ಧಾನ್ಯ ಇವು ಬೇಡಿಕೆಗಳು. ಸರಕಾರ ಮುಷ್ಕರವನ್ನು ಕಾನೂನುಬಾಹಿರವೆಂದು ಸಾರಿತು. ಮಾತುಕತೆ ನಡೆದಿರುವಾಗಲೇ, ಮೇ 2ರಂದು ಫರ್ನಾಂಡಿಸರನ್ನು ಬಂಧಿಸಲಾಯಿತು. ಸಾವಿರಾರು ಜನ ಸೆರೆಮನೆ ಸೇರಿದರು. ಸಾವಿರಾರು ಜನ ನೌಕರಿ ಕಳೆದುಕೊಂಡರು. ರೈಲ್ವೆ ವಸತಿಗಳಿಂದ ಹೆಂಡಿರು ಮಕ್ಕಳನ್ನೂ ಹೊರಹಾಕಲಾಯಿತು. ಮೇ 27ರಂದು, ಬೇಡಿಕೆಗಳು ಈಡೇರದೆಯೇ, ಮುಷ್ಕರವನ್ನು ಹಿಂದಕ್ಕೆ ಪಡೆಯಲಾಯಿತು.

ಅಂದಿನ ಸರಕಾರದ ವಾದವನ್ನು ನಾವು ತಳ್ಳಿಹಾಕಿಬಿಡಬಾರದು. ಬರಗಾಲದ ಗಾಯ ಇನ್ನೂ ಮಾಯ್ದಿರಲಿಲ್ಲ, ಬೆಲೆಗಳು ಏರಿದ್ದವು, ತೈಲದ ಬಿಕ್ಕಟ್ಟು ಬೆನ್ನಿಗಿತ್ತು. ಧಾನ್ಯವೂ ಕಲ್ಲಿದ್ದಲೂ ರೈಲಿನಲ್ಲೇ ಸಾಗಬೇಕಿದ್ದ ಕಾಲದಲ್ಲಿ ಒಂದು ವರ್ಗದ ಜನ ತಮ್ಮ ಬೇಡಿಕೆಗಾಗಿ ಎಲ್ಲರ ಅನ್ನಕ್ಕೆ ತಡೆಯೊಡ್ಡಬಹುದೇ ಎಂಬ ಮಾತಿನಲ್ಲಿ ತೂಕವಿತ್ತು. ಗಿರಣಿಯ ಕಾರ್ಮಿಕ ಕೆಲಸ ಬಿಟ್ಟರೆ ನಷ್ಟ ಮೊದಲು ಮಾಲಕನಿಗೆ. ರೈಲಿನವನು ಕೆಲಸ ಬಿಟ್ಟರೆ ನಷ್ಟ ಮೊದಲು ಮೂರನೆಯವನಿಗೆ, ಅಂದರೆ ವ್ಯಾಜ್ಯದಲ್ಲಿ ಕೈಯಿಲ್ಲದ ಪ್ರಯಾಣಿಕನಿಗೆ.

ಆದರೆ ಇನ್ನೊಂದು ತಕ್ಕಡಿಯಲ್ಲಿ ಏನಿತ್ತು? ಉಗಿ ಎಂಜಿನ್ನಿನ ಬೆಂಕಿಯೆದುರು ನಿಂತವನ ಪಾಳಿ ಗಡಿಯಾರ ನೋಡಿ ಮುಗಿಯುತ್ತಿರಲಿಲ್ಲ. ಗಾಡಿ ಊರು ಮುಟ್ಟಿದಾಗ ಮುಗಿಯುತ್ತಿತ್ತು. ರೈಲ್ವೆಯ ಕಾನೂನು ದುಡಿಮೆಯನ್ನು ಹೇಗೆ ಅಳೆಯುತ್ತದೆಂಬುದೂ ಯೋಚಿಸತಕ್ಕದ್ದು. 1989ರ ರೈಲ್ವೆ ಕಾಯಿದೆಯಂತೆ ತೀವ್ರ ಕೆಲಸದವರಿಗೆ ವಾರಕ್ಕೆ ಸರಾಸರಿ 45 ಗಂಟೆ, ನಿರಂತರ ಕೆಲಸದವರಿಗೆ 54 ಗಂಟೆ, ಬಿಟ್ಟುಬಿಟ್ಟು ಬರುವ ಕೆಲಸದವರಿಗೆ 75 ಗಂಟೆಯವರೆಗೆ ದುಡಿಮೆಯ ಮಿತಿ. ಗಾಡಿಯಿಂದ ಗಾಡಿಗೆ ನಡುವೆ ಬಿಡುವುಳ್ಳವನ ಕಾಯುವಿಕೆಯನ್ನು ಕಾನೂನು ಅರೆಗೆಲಸವೆಂದು ಎಣಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಅವನು ಮಗುವಿನ ಹತ್ತಿರ ಇರಲಾರ, ಹೊಲಕ್ಕೆ ಹೋಗಲಾರ, ನಿಶ್ಚಿಂತೆಯಿಂದ ಮಲಗಲಾರ. ತನ್ನದಲ್ಲದ ಹೊತ್ತನ್ನು ವಿರಾಮವೆಂದು ಕರೆಯಲು ಬರುತ್ತದೆಯೇ? ರೈಲು ಮುಷ್ಕರಗಳ ಹಿಂದಿರುವುದು ಸಂಬಳದ ಪ್ರಶ್ನೆ ಮಾತ್ರವಲ್ಲ. ಮನುಷ್ಯನ ಹೊತ್ತು ಯಾರದು ಎಂಬ ಪ್ರಶ್ನೆಯೂ ಹೌದು.

ಇಲ್ಲಿ ಶರಣರ ಕಡೆಗೆ ತಿರುಗೋಣ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಮಿಕ್ಕದ್ದನ್ನು ಅಲ್ಲೇ ಸುರಿದು ಬರಲು ಹೇಳಿದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಅಲ್ಪತೃಪ್ತಿಯ ಪಾಠವಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಅರ್ಥವೂ ಇದೆಯೆಂದು ನಮಗೆ ತೋರುತ್ತದೆ. ಹೆಚ್ಚಾದದ್ದು ತಪ್ಪೆಂದು ಹೇಳಬೇಕಾದರೆ ಸರಿಯಾದದ್ದು ಎಷ್ಟೆಂಬ ಅಳತೆ ಇರಲೇಬೇಕು. ಅಂಥ ಅಳತೆಯಿದ್ದರೆ ಅದಕ್ಕಿಂತ ಕಡಿಮೆ ಕೊಡುವುದೂ ತಪ್ಪೇ. ಮಿಕ್ಕದ್ದನ್ನು ಮರಳಿಸಬೇಕಾದವನಿಗೆ ಕೊರೆಬಿದ್ದದ್ದನ್ನು ಕೇಳುವ ಅಧಿಕಾರವೂ ಉಂಟು.

ಕಾಯಕ ಎಂಬುದು ಒಲಿದು ಮಾಡಿದ ದುಡಿಮೆ. ಒಲ್ಲೆನೆನ್ನಲು ಬಾರದ ದುಡಿಮೆಗೆ ನಮ್ಮ ಸೀಮೆಯಲ್ಲಿ ಬೇರೆ ಹೆಸರಿದೆ: ಬಿಟ್ಟಿ, ವೇಠಬಿಗಾರಿ. ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಅದನ್ನು ತೊಡೆದುಹಾಕಿದ್ದು ಈ ನೆಲದ ಹೆಮ್ಮೆ. ‘ಇಲ್ಲ’ ಎನ್ನುವ ಹಕ್ಕನ್ನು ಕಸಿದುಕೊಂಡರೆ ಸಂಬಳ ಎಷ್ಟೇ ಇರಲಿ, ದುಡಿಮೆ ಮತ್ತೆ ಬಿಟ್ಟಿಯ ಕಡೆಗೆ ಜಾರುತ್ತದೆ. ಆದುದರಿಂದ ಮುಷ್ಕರ ಕಾಯಕದ ವಿರೋಧಿಯಲ್ಲ; ಕಾಯಕವನ್ನು ಬಿಟ್ಟಿಯಿಂದ ಬೇರ್ಪಡಿಸುವ ಗೆರೆ ಅದು.

ಹಕ್ಕು ಇದೆಯೆಂದ ಮಾತ್ರಕ್ಕೆ ಅದರ ಪ್ರತಿಯೊಂದು ಬಳಕೆಯೂ ಧರ್ಮವಾಗದು. ಸಾರ್ವಜನಿಕ ಸೇವೆಯ ಮುಷ್ಕರಕ್ಕೆ ಮೂರು ಒರೆಗಲ್ಲುಗಳಿವೆಯೆಂದು ನಾವು ಭಾವಿಸುತ್ತೇವೆ. ಉಳಿದ ಬಾಗಿಲುಗಳನ್ನೆಲ್ಲ ತಟ್ಟಿ ಆಗಿದೆಯೇ? ಮುನ್ಸೂಚನೆ ಕೊಟ್ಟು, ದಾರಿಯಲ್ಲಿರುವವರನ್ನು ಊರು ಮುಟ್ಟಿಸಿ, ರೋಗಿಗೂ ಹಸಿದವರಿಗೂ ದಾರಿ ಬಿಟ್ಟಿದೆಯೇ? ಪರರಿಗೆ ನೋವಾಗುವ ಮೊದಲು ತಾನು ನೋವುಣ್ಣಲು ಮುಷ್ಕರ ಹೂಡಿದವನು ಸಿದ್ಧನೇ? 2021ರ ಏಪ್ರಿಲಿನಲ್ಲಿ ಕರ್ನಾಟಕದ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಬಸ್ಸು ನಿಲ್ಲಿಸಿದರು. ಅದೇ ವರ್ಷದ ಕೊನೆಗೆ ಮಹಾರಾಷ್ಟ್ರದ ಎಸ್.ಟಿ. ನೌಕರರು ನಿಗಮವನ್ನು ಸರಕಾರದಲ್ಲಿ ವಿಲೀನಗೊಳಿಸಬೇಕೆಂದು ಹೂಡಿದ ಮುಷ್ಕರ 2022ರ ಏಪ್ರಿಲಿನವರೆಗೆ ಎಳೆಯಿತು. ಸಂಬಳ ಏರಿತು, ವಿಲೀನ ಆಗಲಿಲ್ಲ. ಸಂಬಳವಿಲ್ಲದ ತಿಂಗಳುಗಳನ್ನು ಕಂಡಕ್ಟರನ ಮನೆ ಉಂಡಿತು. ಶಾಲೆ ಮತ್ತೆ ತೆರೆದಾಗ ಬಸ್ಸಿಲ್ಲದ ಹಳ್ಳಿಯ ಮಕ್ಕಳೂ ಉಂಡರು. ಮೂರನೆಯ ಒರೆಗಲ್ಲಿನಲ್ಲಿ ಆ ನೌಕರರು ಗೆದ್ದರು. ಎರಡನೆಯದರಲ್ಲಿ ಗೆದ್ದರೆಂದು ಹೇಳುವುದು ಕಷ್ಟ.

ಬೇರೆ ದಾರಿ ಇಲ್ಲವೆಂದಲ್ಲ. 2018ರಲ್ಲಿ ಜಪಾನಿನ ಒಕಾಯಾಮಾ ನಗರದ ಬಸ್ ಚಾಲಕರು ಬಸ್ಸನ್ನು ನಿಲ್ಲಿಸಲಿಲ್ಲ; ಟಿಕೆಟ್ಟಿನ ಹಣ ಪಡೆಯುವುದನ್ನು ನಿಲ್ಲಿಸಿದರು. ಪ್ರಯಾಣಿಕ ಊರು ಮುಟ್ಟಿದ. ಬಿಸಿ ಮಾಲಕನಿಗೆ ಮಾತ್ರ ತಟ್ಟಿತು. ಎಲ್ಲ ದೇಶದ ಕಾನೂನೂ ಇದಕ್ಕೆ ಎಡೆಗೊಡಲಿಕ್ಕಿಲ್ಲ. ಆದರೂ ಮೂರನೆಯವನನ್ನು ನೆನಪಿನಲ್ಲಿಟ್ಟು ಹೋರಾಡಬಹುದೆಂಬುದಕ್ಕೆ ಅದು ಸಾಕ್ಷಿ. ನಮ್ಮ ರೈಲ್ವೆಯವರಿಗೂ ‘ನಿಯಮದಂತೆ ಕೆಲಸ’ ಎಂಬ ಹೋರಾಟದ ಬಗೆ ಗೊತ್ತು. ಪ್ರತಿಯೊಂದು ನಿಯಮವನ್ನೂ ಅಕ್ಷರಶಃ ಪಾಲಿಸಿದರೆ ಗಾಡಿಗಳು ತಡವಾಗುತ್ತವೆ. ಹಾಗಾದರೆ ದಿನನಿತ್ಯ ಅವು ಹೊತ್ತಿಗೆ ಸರಿಯಾಗಿ ಓಡುವುದು ಯಾರ ಕೃಪೆಯಿಂದ? ಲೆಕ್ಕಕ್ಕೆ ಸೇರದ, ಸಂಬಳದ ಚೀಟಿಯಲ್ಲಿ ಕಾಣದ ನೌಕರರ ಒಳ್ಳೆಯತನದಿಂದ.

ಇಲ್ಲಿ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ. ನಾವು ಮೂರನೆಯವರು ನಿಜ, ಪೂರ್ತಿ ಹೊರಗಿನವರಲ್ಲ. ನಮ್ಮ ಅಗ್ಗದ ಟಿಕೆಟ್ಟಿನಲ್ಲಿ ಯಾರದೋ ನಿದ್ದೆಗೆಟ್ಟ ರಾತ್ರಿಯ ಪಾಲಿದೆ. ಗಾಡಿ ಓಡುವಾಗ ಚಾಲಕನ ಹೆಸರು ಕೇಳದ ನಾವು, ಗಾಡಿ ನಿಂತಾಗ ಮಾತ್ರ ಅವನ ಕರ್ತವ್ಯವನ್ನು ನೆನೆಯುವುದು ನ್ಯಾಯವಲ್ಲ. ಬೇಡಿಕೆ ಮೊದಲ ಸಲ ಮನವಿಯಾಗಿ ಬಂದಾಗಲೇ ಊರು ಕಿವಿಗೊಟ್ಟಿದ್ದರೆ ಎಷ್ಟೋ ಮುಷ್ಕರಗಳು ಹುಟ್ಟುತ್ತಲೇ ಇರಲಿಲ್ಲ.

1974ರಲ್ಲಿ ಸೋತಂತೆ ಕಂಡವರಿಗೆ ಕಾಲ ಕೆಲವನ್ನಾದರೂ ಮರಳಿಸಿತು. 1977ರ ಬಳಿಕ ವಜಾಗೊಂಡವರನ್ನು ಮತ್ತೆ ನೌಕರಿಗೆ ತೆಗೆದುಕೊಳ್ಳಲಾಯಿತು. 1979ರಲ್ಲಿ ಉತ್ಪಾದಕತೆಗೆ ಜೋಡಿಸಿದ ಬೋನಸ್ಸು ಮಂಜೂರಾಯಿತು. ಗಾಡಿಗಳನ್ನು ನಿಲ್ಲಿಸಿದ ಆ ಮಂಗಳೂರಿಗನೇ 1989ರಲ್ಲಿ ರೈಲ್ವೆ ಮಂತ್ರಿಯಾಗಿ, ಮುಂಬಯಿಯನ್ನು ಕರಾವಳಿ ಕರ್ನಾಟಕಕ್ಕೆ ಜೋಡಿಸುವ ಕೊಂಕಣ ರೈಲ್ವೆಗೆ ಬೆನ್ನಾಗಿ ನಿಂತರು. ನಿಲ್ಲಿಸುವುದೂ ನಡೆಸುವುದೂ ಪರಸ್ಪರ ಶತ್ರುಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ದುಡಿಮೆಗೆ ಬೆಲೆಯಿರಬೇಕು, ದುಡಿಮೆಯನ್ನು ನೆಚ್ಚಿದವನಿಗೆ ರಕ್ಷೆಯಿರಬೇಕು. ಈ ಎರಡನ್ನೂ ಒಟ್ಟಿಗೆ ಹಿಡಿಯುವ ಸಮಾಜದಲ್ಲಿ ಮಾತ್ರ ಕಾಯಕ ಎಂಬ ಮಾತನ್ನು ನಾವು ತಲೆ ಎತ್ತಿ ಆಡಬಹುದು.