ಪಟ್ಟಿಯೊಳಗಿನ ಜಾತಿ ಯಾರ ಸೊತ್ತು?

ಒಂದು ಕಾಲಕ್ಕೆ ನಮ್ಮ ಹೆಸರು ಯಾರದೋ ರಿಜಿಸ್ಟರಿನಲ್ಲಿತ್ತು. ಕೇರಿಯಿಂದ ಮೊದಲ ಸಲ ಡಿಗ್ರಿ ಹಿಡಿದು ಬಂದ ನಾವು ಈಗ ಶಾಲೆ, ಹಾಸ್ಟೆಲು, ಕಚೇರಿಗಳಲ್ಲಿ ಕೂತಿದ್ದೇವೆ. ರಿಜಿಸ್ಟರು ನಮ್ಮ ಕೈಲಿದೆ. ಪ್ರಶ್ನೆ ಹುಟ್ಟೋದೇ ಇಲ್ಲಿ.

ವಿದ್ಯಾರ್ಥಿವೇತನದ ವರದಿ ಸಾಯಂಕಾಲದೊಳಗೆ ಹೋಗಬೇಕು. ಚಾಟ್‌ಜಿಪಿಟಿಗೆ ಇಡೀ ಪಟ್ಟಿ ಸುರಿದರೆ ಗಳಿಗೆಯಲ್ಲಿ ಕೆಲಸ ಮುಗೀತದೆ. ಯಂತ್ರದ ಮೇಲೆ ನಮಗೆ ಮುನಿಸಿಲ್ಲ. ಇಂಗ್ಲಿಷಿನ ಕಾಗದಕ್ಕೆ ತಲೆ ತಗ್ಗಿಸಿದವರಿಗೆ ಅದು ಊರುಗೋಲೂ ಹೌದು. ಆದರೆ ಪಟ್ಟಿಯಲ್ಲಿರುವುದೇನು? ಮಗುವಿನ ಹೆಸರು, ಜಾತಿ, ಅಪ್ಪನ ಕಸುಬು, ಆದಾಯ, ಬ್ಯಾಂಕ್ ಖಾತೆ. ನಾವೇ ಬೇಡವೆಂದು ಆಯ್ಕೆ ಮಾಡದಿದ್ದರೆ, ಬಿಟ್ಟಿ ಖಾತೆಯಲ್ಲಿ ಬರೆದದ್ದನ್ನು ಕಂಪನಿ ಯಂತ್ರಕ್ಕೆ ಪಾಠ ಮಾಡಿಕೊಳ್ಳಬಹುದು. ಆ ತಾಯಿ ಹೆಬ್ಬೆಟ್ಟು ಒತ್ತಿದ್ದು ಇದಕ್ಕಲ್ಲ.

'ಜಾತಿ ಊರಿಗೆಲ್ಲ ಗೊತ್ತಿರೋದೇ, ಮುಚ್ಚಿಡೋದೇನು?' ಅನ್ನುವವರಿದ್ದಾರೆ. ಊರಿಗೆ ಗೊತ್ತಿದ್ದದ್ದಕ್ಕೇ ಅಲ್ಲವೇ ನಮ್ಮವರು ಪಟ್ಟಣಕ್ಕೆ ಓಡಿದ್ದು! ಎದೆ ತಟ್ಟಿ ಹೇಳುವುದು ಆ ಮಗುವಿನ ಹಕ್ಕು, ಹೇಳದಿರುವುದೂ ಅದರದೇ ಹಕ್ಕು. ನಮ್ಮದಂತೂ ಅಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2019ರ ಮಸೂದೆ ಜಾತಿಯನ್ನು ಸೂಕ್ಷ್ಮ ಮಾಹಿತಿಯೆಂದು ಹೆಸರಿಸಿತ್ತು. 2023ರ ಕಾಯ್ದೆಯಲ್ಲಿ ಆ ವರ್ಗವೇ ಮಾಯ! ಯಾರಿಗೆ ಬೇಡವಾಯಿತೋ.

ಹೆಸರೊಂದನ್ನೇ ಅಳಿಸಿದರೆ ಸಾಲದು ಗೆಳೆಯರೇ. ಸಣ್ಣ ಹಳ್ಳಿಯ ಹೆಸರು, ಅಪ್ಪನ ಕಸುಬು ಉಳಿದರೆ ಮಗು ಯಾರೆಂದು ಪತ್ತೆಯಾಗುತ್ತದೆ. ಬರೀ ನಮೂನೆ ಕೊಟ್ಟರೂ ಯಂತ್ರ ಕಾಗದ ಬರೆದುಕೊಡುತ್ತದೆ. ಹೆಸರು, ಅಂಕಿ ನಾವೇ ತುಂಬಿಕೊಂಡರಾಯಿತು. ತಡವಾಯಿತೆಂದು ಸಾಹೇಬರು ಬೈದಾರು. ಬೈಸಿಕೊಳ್ಳೋಣ.