ಕಾಯುವವನ ಋಣ: ಚಿರತೆಯ ನೆರೆಯಲ್ಲಿ ಒಂದು ಧರ್ಮಪ್ರಶ್ನೆ

ಮನುಷ್ಯ ಸಾಕಿದ ಪ್ರಾಣಿಯನ್ನು ಕಾಡಿನ ಪ್ರಾಣಿ ಹೊತ್ತೊಯ್ದಾಗ ತಪ್ಪು ಯಾರದು, ಅಂಥದ್ದು ಮತ್ತೆ ನಡೆಯದಂತೆ ನೋಡಿಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅರಣ್ಯ ಇಲಾಖೆಯ ಆಡಳಿತಕ್ಕೆ ಸೇರಿದ್ದೆಂದು ಕಂಡರೂ ಬುಡದಲ್ಲಿ ಅದು ಧರ್ಮದ ಪ್ರಶ್ನೆಯೇ ಆಗಿದೆ. ಏಕೆಂದರೆ ಅಲ್ಲಿ ಎರಡು ಜೀವಗಳ ಬದುಕು ಒಂದಕ್ಕೊಂದು ಎದುರಾಗಿರುತ್ತದೆ, ಆ ಎರಡರ ನಡುವೆ ವಿವೇಚನೆಯುಳ್ಳ ಮೂರನೆಯ ಜೀವವಾಗಿ ಮನುಷ್ಯ ನಿಂತಿರುತ್ತಾನೆ. ಉತ್ತರ ಅಮೆರಿಕದ ನಗರಗಳ ಅಂಚಿನ ಬಡಾವಣೆಗಳಲ್ಲಿ ಬಾಬ್‌ಕ್ಯಾಟ್ ಎಂಬ ಗಿಡ್ಡಬಾಲದ ಕಾಡುಬೆಕ್ಕು ಮನೆಯ ಬೆಕ್ಕು, ಕೋಳಿ, ಚಿಕ್ಕ ನಾಯಿಗಳ ಮೇಲೆರಗಿದಾಗ ಏಳುವ ಈ ಪ್ರಶ್ನೆ ಚಿತ್ರದುರ್ಗದ ಸೀಮೆಯಲ್ಲಿ ಚಿರತೆಯ ರೂಪದಲ್ಲಿ ಇನ್ನೂ ತೀಕ್ಷ್ಣವಾಗಿ ಎದುರಾಗುತ್ತದೆ.

ಚಿತ್ರದುರ್ಗದ ದಕ್ಷಿಣಕ್ಕೆ ಜೋಗಿಮಟ್ಟಿಯ ಅರಣ್ಯವಿದೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆ ಅಣೆಕಟ್ಟೆಯ ಇಕ್ಕೆಲಗಳಲ್ಲಿ ಬೆಟ್ಟಸಾಲುಗಳಿವೆ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕುರುಚಲು ಗುಡ್ಡಗಳ ಬುಡದವರೆಗೂ ಹೊಲ ಮತ್ತು ತೋಟಗಳು ಹಬ್ಬಿವೆ. ಬಂಡೆಗಳ ಸಂದಿಯಲ್ಲಿ ಹಗಲು ಕಳೆದು, ಇರುಳಲ್ಲಿ ಸದ್ದಿಲ್ಲದೆ ತಿರುಗಿ, ಸಿಕ್ಕ ಬೇಟೆಯಿಂದಲೇ ಹೊಟ್ಟೆ ಹೊರೆಯಬಲ್ಲ ಚಿರತೆಗೆ ಇಂಥ ನೆಲ ಒಗ್ಗುತ್ತದೆ. ಮಹಾರಾಷ್ಟ್ರದ ಅಂದಿನ ಅಹಮದ್‌ನಗರ ಜಿಲ್ಲೆಯ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇ. 87ರಷ್ಟು ಸಾಕುಪ್ರಾಣಿಗಳೇ ಇದ್ದು, ನಾಯಿಯ ಪಾಲು ಒಂದೇ ಶೇ. 39ರಷ್ಟಿತ್ತೆಂದು ತೋರಿಸಿತು. ಊರಂಚಿನಲ್ಲಿ ಸುರಿದ ಕೋಳಿ ಅಂಗಡಿಯ ತ್ಯಾಜ್ಯ ಬೀದಿನಾಯಿಗಳನ್ನು ಸೇರಿಸುತ್ತದೆ, ನಾಯಿಗಳ ಗುಂಪು ಚಿರತೆಯನ್ನು ಕರೆತರುತ್ತದೆ. ಹೀಗೆ ಕಾಡಿನಿಂದ ಬಂದ ಆಪತ್ತೆಂದು ತೋರುವುದರ ಬೇರು ಎಷ್ಟೋ ಸಲ ಊರಿನ ತಿಪ್ಪೆಯಲ್ಲಿರುತ್ತದೆ.

ಮೊದಲು ತಪ್ಪಿನ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ಭಾರತೀಯ ಶಾಸ್ತ್ರಚಿಂತನೆಯು ಮನುಷ್ಯಜನ್ಮವನ್ನು ಕರ್ಮಯೋನಿಯೆಂದೂ, ಅಂದರೆ ಒಳಿತು ಕೆಡುಕುಗಳನ್ನು ಆಯ್ದು ಅದರ ಫಲಕ್ಕೆ ಬಾಧ್ಯವಾಗುವ ಜನ್ಮವೆಂದೂ, ಪ್ರಾಣಿಜನ್ಮವನ್ನು ಭೋಗಯೋನಿಯೆಂದೂ, ಅಂದರೆ ಹಿಂದಿನ ಕರ್ಮದ ಫಲವನ್ನು ಉಂಡು ಮುಗಿಸುವ ಜನ್ಮವೆಂದೂ ವಿಂಗಡಿಸುತ್ತದೆ. ಪ್ರಾಣಿಗಳ ಹಕ್ಕನ್ನು ಕುರಿತು 1983ರಲ್ಲಿ ಗ್ರಂಥ ಬರೆದ ಅಮೆರಿಕದ ದಾರ್ಶನಿಕ ಟಾಮ್ ರೇಗನ್, ಪ್ರಾಣಿಗಳು ನೈತಿಕ ಗೌರವಕ್ಕೆ ಪಾತ್ರವಾದರೂ ನೈತಿಕ ಹೊಣೆಗಾರಿಕೆಗೆ ಒಳಪಟ್ಟವಲ್ಲ ಎಂದು ಬೇರೆ ದಾರಿಯಿಂದ ಇದೇ ನಿಲುವಿಗೆ ಬಂದನು. ಹಾಗಿದ್ದರೂ ಚಿರತೆಯನ್ನು ಕಳ್ಳನಂತೆ, ಕೊಲೆಗಡುಕನಂತೆ ಕಾಣುವ ಅಭ್ಯಾಸ ಬಲವಾಗಿದೆ. ಕನ್ನಡಿಗರೆಲ್ಲರೂ ಬಲ್ಲ ಪುಣ್ಯಕೋಟಿಯ ಗೋವಿನ ಹಾಡಿನಲ್ಲಿ ಹಸುವಿನ ಸತ್ಯಕ್ಕೆ ಮನಕರಗಿದ ಹುಲಿ ಪಶ್ಚಾತ್ತಾಪದಿಂದ ತನ್ನ ಪ್ರಾಣವನ್ನೇ ಬಿಡುತ್ತದೆ; ಸತ್ಯದ ಮಹಿಮೆಯನ್ನು ಹೇಳಲು ಆ ಕಥೆಗೆ ಇದು ಬೇಕು, ಆದರೆ ಹುಲಿಗೆ ಮನುಷ್ಯನ ಮನಸ್ಸಾಕ್ಷಿಯನ್ನು ಕೊಟ್ಟಾಗ ಅದಕ್ಕೆ ಬದುಕಲು ದಾರಿಯೇ ಉಳಿಯುವುದಿಲ್ಲವೆಂಬುದನ್ನೂ ಅದೇ ಕಥೆ ತಿಳಿಯದೆ ತೋರಿಸಿಕೊಡುತ್ತದೆ. ಜೋಗಿಮಟ್ಟಿಯ ಚಿರತೆ ಪಶ್ಚಾತ್ತಾಪ ಪಡಲಾರದು, ಪಡಬೇಕಾದ ಕಾರಣವೂ ಅದಕ್ಕಿಲ್ಲ.

ಹೊಣೆ ಹೀಗೆ ಮನುಷ್ಯನ ಕಡೆಗೇ ತಿರುಗಿದ ಮೇಲೆ, ಅವನು ಯಾವ ಜೀವಕ್ಕೆ ಎಷ್ಟು ಋಣಿ ಎಂಬುದನ್ನು ವಿಚಾರಿಸಬೇಕಾಗುತ್ತದೆ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿ.ಪೂ. 3ನೆಯ ಶತಮಾನದಲ್ಲಿ ಕೆತ್ತಿಸಿದ ಅಶೋಕನ ಶಾಸನವು ತಾಯಿತಂದೆಗಳ ಸೇವೆ, ಸತ್ಯವಚನ, ಗುರುಗಳ ಗೌರವ ಎಂಬ ಕರ್ತವ್ಯಗಳ ಸಾಲಿನಲ್ಲಿಯೇ ಜೀವಿಗಳ ವಿಷಯದಲ್ಲಿ ದೃಢವಾದ ಕರುಣೆಯನ್ನೂ ಇಡುತ್ತದೆ. ಬಸವಣ್ಣನವರ ವಚನಗಳು ದಯೆಯಿಲ್ಲದ ಧರ್ಮವನ್ನು ಧರ್ಮವೆಂದೇ ಒಪ್ಪುವುದಿಲ್ಲ. ಈ ಕರುಣೆ ಸಕಲ ಜೀವಿಗಳಿಗೂ ಸಲ್ಲತಕ್ಕದ್ದು, ಆದ್ದರಿಂದ ಅದರಲ್ಲಿ ಚಿರತೆಗೂ ಪಾಲಿದೆ. ಸಾಕಿದ ಪ್ರಾಣಿಗಾದರೋ ಇದರ ಮೇಲೆ ಇನ್ನೊಂದು ಋಣ ಕೂಡಿಕೊಳ್ಳುತ್ತದೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ಜೈನಧರ್ಮವು ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತವನ್ನು ಕೆಡಿಸುವ ದೋಷಗಳನ್ನು, ಗುರುತಿಸುತ್ತದೆ: ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಇವೆಲ್ಲವೂ ಮನುಷ್ಯನ ಕೈಕೆಳಗಿರುವ ಪ್ರಾಣಿಗೆ ಅವನೇ ಎಸಗಬಹುದಾದ ಹಿಂಸೆಗಳೆಂಬುದನ್ನು ಗಮನಿಸಬೇಕು. ತೋಟದ ಮನೆಯ ಅಂಗಳದಲ್ಲಿ ಇರುಳಿಡೀ ಸರಪಳಿಯಲ್ಲಿರುವ ನಾಯಿ ಓಡಿ ತಪ್ಪಿಸಿಕೊಳ್ಳಲಾರದು, ತಿರುಗಿ ಹೋರಾಡಲೂ ಆರದು. ಮನೆ ಕಾಯಲೆಂದು ಕಟ್ಟಿದ ಆ ಸರಪಳಿಯೇ ಅದನ್ನು ಚಿರತೆಗೆ ಒಪ್ಪಿಸುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನವು, ಕಾಡುಹಂದಿಯೊಡನೆ ಕಾದಿ ಅದರೊಂದಿಗೇ ಮಡಿದ ಕಾಳಿ ಎಂಬ ನಾಯಿಯ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸಿ, ಆ ಕಲ್ಲಿಗೆ ಪೂಜೆ ಸಲ್ಲಬೇಕೆಂದು ವಿಧಿಸಿತು. ನಾಯಿಯ ಜೀವಕ್ಕೆ ಅಂಥ ಮನ್ನಣೆ ಕೊಟ್ಟ ನಾಡಿನಲ್ಲಿ ಸಾಕಿದ ನಾಯಿಯನ್ನು ಕಾಯದೆ ಬಿಡುವುದು ಸಣ್ಣ ಉಪೇಕ್ಷೆಯಾಗಲಾರದು.

ಎರಡು ಋಣಗಳು ಎದುರಾದಾಗ ಏನು ಮಾಡಬೇಕೆಂಬುದಕ್ಕೆ ಮಹಾಭಾರತದ ವನಪರ್ವದಲ್ಲಿ ಉಶೀನರ ರಾಜನ ಹೆಸರಿನಲ್ಲಿಯೂ, ಜನರ ಬಾಯಲ್ಲಿ ಶಿಬಿ ಚಕ್ರವರ್ತಿಯ ಹೆಸರಿನಲ್ಲಿಯೂ ಪ್ರಸಿದ್ಧವಾದ ಕಥೆ ಉತ್ತರ ಕೊಡುತ್ತದೆ. ಪಾರಿವಾಳ ಮರೆಹೊಕ್ಕಾಗ ರಾಜ ಅದನ್ನು ಬಿಟ್ಟುಕೊಡುವುದಿಲ್ಲ. ಬೆನ್ನಟ್ಟಿ ಬಂದ ಗಿಡುಗ ತನ್ನ ಹಸಿವನ್ನೂ ತನ್ನನ್ನು ನಂಬಿದ ಸಂಸಾರವನ್ನೂ ಮುಂದಿಟ್ಟು ವಾದಿಸಿದಾಗ ಆ ವಾದವನ್ನು ಸುಳ್ಳೆನ್ನುವುದೂ ಇಲ್ಲ. ಗಿಡುಗವನ್ನು ಹೊಡೆದು ಓಡಿಸುವ ಬಲವಿದ್ದ ಅರಸ ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಗಿಡುತ್ತಾನೆ. ಆ ಕಥೆಯನ್ನು ತ್ಯಾಗದ ಅತಿಶಯಕ್ಕಾಗಿ ಮಾತ್ರ ಮೆಚ್ಚಿ ಮುಂದೆ ಹೋಗುವುದು ವಾಡಿಕೆ. ಅದರೊಳಗಿನ ನಿಯಮ ಸರಳವಾಗಿದೆ, ನಿತ್ಯದ ಬದುಕಿಗೂ ಅನ್ವಯಿಸುತ್ತದೆ: ರಕ್ಷಿಸುವ ಹೊಣೆ ಹೊತ್ತವನು ರಕ್ಷಣೆಯ ಬೆಲೆಯನ್ನು ತಾನೇ ತೆರಬೇಕು, ಅದನ್ನು ಹಸಿದ ಮತ್ತೊಂದು ಜೀವದಿಂದ ವಸೂಲು ಮಾಡಬಾರದು.

ಈ ನಿಯಮದ ಬೆಳಕಿನಲ್ಲಿ ಇಂದು ರೂಢಿಯಲ್ಲಿರುವ ಪರಿಹಾರವನ್ನು ಪರೀಕ್ಷಿಸಬಹುದು. ಊರ ಬಳಿ ಚಿರತೆ ಕಂಡೊಡನೆ ಬೋನು ಇಡಬೇಕೆಂಬ ಒತ್ತಾಯ ಏಳುತ್ತದೆ. ಆ ಬೋನಿನ ಒಂದು ಭಾಗದಲ್ಲಿ ಚಿರತೆಯನ್ನು ಸೆಳೆಯಲು ನಾಯಿಯನ್ನೋ ಮೇಕೆಯನ್ನೋ ಕಟ್ಟುತ್ತಾರೆ, ಅಂದರೆ ಯಾವ ಜೀವದ ರಕ್ಷಣೆಗೆಂದು ಕೆಲಸ ಮೊದಲಾಯಿತೋ ಅದೇ ಜಾತಿಯ ಜೀವ ಇರುಳೆಲ್ಲ ಭಯದಲ್ಲಿ ನಡುಗುತ್ತದೆ. ಸೆರೆಸಿಕ್ಕ ಚಿರತೆಯನ್ನು ದೂರದ ಕಾಡಿಗೆ ಬಿಡುವುದರ ಫಲ ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಕಂಡಿತು: 2001ರಿಂದ ಮುಂದೆ ದೊಡ್ಡ ಪ್ರಮಾಣದಲ್ಲಿ ಸ್ಥಳಾಂತರ ನಡೆದ ಮೇಲೆ ಮನುಷ್ಯರ ಮೇಲಿನ ದಾಳಿಗಳು ವರ್ಷಕ್ಕೆ ಸರಾಸರಿ 4ರಿಂದ 17ಕ್ಕೆ ಏರಿದವೆಂದು ಸಂಶೋಧಕರು ಲೆಕ್ಕ ಹಾಕಿದರು. ತೆರವಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ, ನೆಲೆ ತಪ್ಪಿದ ಚಿರತೆ ಗೊತ್ತಿಲ್ಲದ ಊರುಗಳ ನಡುವೆ ಅಲೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿರತೆಗೆ ಸ್ಥಾನವಿರುವುದರಿಂದ ಕೊಲ್ಲುವ ದಾರಿಯನ್ನು ಕಾನೂನೂ ಬಹುಮಟ್ಟಿಗೆ ಮುಚ್ಚಿದೆ.

ತೆರಬೇಕಾದ ಬೆಲೆ ಎಂಥದೆಂಬುದನ್ನು ಚಿತ್ರದುರ್ಗದ ಸೀಮೆಯ ಪಶುಪಾಲಕರು ಹಿಂದಿನಿಂದಲೂ ಬಲ್ಲರು. ಕಾಡುಗೊಲ್ಲರು ತಮ್ಮ ಹಟ್ಟಿಗಳನ್ನೂ ಕುರಿಗಳ ರೊಪ್ಪಗಳನ್ನೂ ಮುಳ್ಳುಬೇಲಿಯಿಂದ ಭದ್ರಪಡಿಸುತ್ತ ಬಂದವರು. ಮ್ಯಾಸಬೇಡರಲ್ಲಿ ದೇವರ ಎತ್ತುಗಳೆಂಬ ಪವಿತ್ರ ಹಿಂಡುಗಳನ್ನು ಕಾಯುವ ಕಿಲಾರಿಗಳಿಗೆ ಪಶುಗಳ ಜತೆಗಿರುವುದೇ ದೈವಸೇವೆ. ಈ ಕಾವಲಿನಲ್ಲಿ ಭಕ್ತಿ ಮತ್ತು ಬೆವರು ಬೇರೆಬೇರೆಯಾಗಿಲ್ಲ. ಇಂದಿನ ಬಡಾವಣೆಗೂ ತೋಟದ ಮನೆಗೂ ಇದೇ ಕಾವಲು ಬೇರೆ ಸಾಮಗ್ರಿಗಳಲ್ಲಿ ಸಾಧ್ಯವಿದೆ: ಕತ್ತಲಾಗುವ ಮೊದಲೇ ನಾಯಿಯನ್ನೂ ಬೆಕ್ಕನ್ನೂ ಒಳಗೆ ಸೇರಿಸಿ ಬಾಗಿಲು ಹಾಕುವುದು, ಚಿರತೆ ಗೋಡೆ ಹತ್ತಿ ಇಳಿಯಬಲ್ಲದಾದ್ದರಿಂದ ಕುರಿ ಮೇಕೆಗಳ ದೊಡ್ಡಿಗೆ ಮೇಲೂ ಗಟ್ಟಿ ತಂತಿಬಲೆ ಹೊದಿಸುವುದು, ಮನೆಯ ಸುತ್ತಲಿನ ಪೊದೆ ಸವರಿ ದೀಪ ಹಾಕುವುದು, ಮಾಂಸದ ತ್ಯಾಜ್ಯ ಬಯಲಿಗೆ ಬೀಳದಂತೆ ಪಂಚಾಯಿತಿ ಮತ್ತು ನಗರಸಭೆಗಳು ನೋಡಿಕೊಳ್ಳುವುದು, ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ಎದುರಿಸಲೇಬೇಕು. ಹತ್ತು ಮೇಕೆಗಳೇ ಸರ್ವಸ್ವವಾಗಿರುವ ಕುಟುಂಬಕ್ಕೆ ಒಂದು ಇರುಳಿನ ನಷ್ಟ ಮಗುವಿನ ಓದನ್ನೂ ಮನೆಯ ಔಷಧಿಯನ್ನೂ ಕಸಿಯಬಲ್ಲದು. ಏನನ್ನೂ ಕಳೆದುಕೊಳ್ಳದವರು ಅಂಥವರಿಗೆ ಕರುಣೆಯ ಪಾಠ ಹೇಳುವುದು ಅನ್ಯಾಯವೇ ಸರಿ. ಈ ಆಕ್ಷೇಪಕ್ಕೆ ಉತ್ತರವೂ ಮೇಲಿನ ನಿಯಮದೊಳಗೇ ಇದೆ. ಚಿರತೆ ಉಳಿಯಬೇಕೆಂದು ಕಾನೂನಿನ ಮೂಲಕ ನಿರ್ಧರಿಸಿದ್ದು ಇಡೀ ಸಮಾಜ. ಹಾಗೆ ಚಿರತೆಗೆ ಅಭಯ ಕೊಟ್ಟ ಸಮಾಜವೇ ಅದರ ರಕ್ಷಕ, ಆದ್ದರಿಂದ ಆ ರಕ್ಷಣೆಯ ಬೆಲೆ ತೆರುವ ಹೊಣೆಯೂ ಸಮಾಜದ್ದೇ. ಬಡವನ ದೊಡ್ಡಿಗೆ ಭದ್ರ ಚಾವಣಿ, ಸತ್ತ ಜಾನುವಾರಿಗೆ ತಡವಿಲ್ಲದ ನ್ಯಾಯವಾದ ಪರಿಹಾರ ಇವು ದಾನವೆನಿಸುವುದಿಲ್ಲ. ಅವು ತೀರಿಸಬೇಕಾದ ಸಾಲ. ಈ ಸಾಲ ತೀರಿಸದೆ ವನ್ಯಜೀವಿ ಪ್ರೇಮದ ಮಾತಾಡುವವರು ಶಿಬಿಯ ಸ್ಥಾನದಲ್ಲಿ ನಿಂತು ಬೇರೆಯವರ ತೊಡೆಯನ್ನು ಕೊಯ್ಯುತ್ತಿರುತ್ತಾರೆ.

ಆದ್ದರಿಂದ ಚಿರತೆಯ ನೆರೆಯಲ್ಲಿ ಬಾಳುವ ಧರ್ಮವು ಸಾಕುಪ್ರಾಣಿ ಮತ್ತು ಕಾಡುಪ್ರಾಣಿಗಳಲ್ಲಿ ಒಂದನ್ನು ಆಯ್ದುಕೊಳ್ಳಬೇಕೆಂದು ಕೇಳುವುದಿಲ್ಲ. ಸಾಕಿದ ಜೀವಕ್ಕೆ ಅಭಯ, ಕಾಡಿನ ಜೀವಕ್ಕೆ ಅವಕಾಶ, ಎರಡರ ಖರ್ಚೂ ಮನುಷ್ಯನ ಲೆಕ್ಕಕ್ಕೆ, ಅದರಲ್ಲಿಯೂ ಶಕ್ತಿಯುಳ್ಳವನ ಲೆಕ್ಕಕ್ಕೆ ಹೆಚ್ಚು ಎಂಬುದೇ ಅದರ ಸಾರ. ದಯೆಯನ್ನು ಮನಸ್ಸಿನ ಮೃದುತ್ವವೆಂದಷ್ಟೇ ತಿಳಿದವರಿಗೆ ಇದು ಭಾರವೆನಿಸಬಹುದು; ಆದರೆ ಬೆಲೆ ತೆರಲು ಒಪ್ಪದ ದಯೆಯಿಂದ ಈವರೆಗೆ ನಾಯಿಯೂ ಉಳಿದಿಲ್ಲ, ಚಿರತೆಯೂ ಉಳಿದಿಲ್ಲ.